ಹಿರೀಸಾವೆಯ ಐಸ್ ಪೆಟ್ಟಿಗೆ

ಹಿರೀಸಾವೆ
12-4-1959

ಮಗಳು ರಾಜೀಮತಿಗೆ,

ಬೆಂಗಳೂರಿನಿಂದ ಮಂಗಳೂರಿನವರೆಗೆ ಈ ರಸ್ತೆಯಲ್ಲಿ ಹಿಮಾಲಯ ಪರ್ವತವನ್ನು ಸ್ವಂತಕ್ಕೆ ಇಟ್ಟುಕೊಂಡಿರುವ ಮನುಷ್ಯ ಒಬ್ಬನೇ. ಅವನು ನಿನ್ನ ಚಿಕ್ಕಪ್ಪ ಬ್ರಹ್ಮಪ್ಪ. ಹಾಸನದ ಕರೆಂಟ್ ಆಫೀಸಿನವರು ಈಗ ನನ್ನನ್ನು ಕೇಳದೆ ಒಂದು ಕಂಬ ನೆಡುವುದಿಲ್ಲ. ಮೊನ್ನೆ ದೊಡ್ಡ ಇಂಜಿನಿಯರು ನಮ್ಮ ಅಂಗಡಿಗೆ ಬಂದು ಸೋಡ ಕುಡಿದು, "ಬ್ರಹ್ಮಪ್ಪನವರೇ, ನೀವು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟಿದ್ದು ಸರ್ಕಾರಕ್ಕೆ ಆದ ನಷ್ಟ" ಎಂದರು. ನಾನು ಇನ್ನೊಂದು ಸೋಡ ಒಡೆದುಕೊಟ್ಟೆ.

ವಿಷಯ ಏನೆಂದರೆ, ಹಾಸನದಲ್ಲಿ ಒಬ್ಬ ಕಾಫಿ ತೋಟದ ದೊರೆ ತನ್ನ ದೇಶಕ್ಕೆ ಹೊರಟು, ಬಂಗಲೆಯ ಸಾಮಾನನ್ನೆಲ್ಲ ಹರಾಜಿಗೆ ಹಾಕಿದ್ದ. ನಾನು ಅಂಗಡಿಗೆ ಎರಡು ಕುರ್ಚಿ ತರೋಣ ಎಂದು ಹೋದವನು. ಅಲ್ಲಿ ಬಿಳಿ ಬಣ್ಣದ ಒಂದು ಪೆಟ್ಟಿಗೆ. ಮೂರು ಜನ ಕಾಲು ಚಾಚಿ ಮಲಗಬಹುದು, ಅಷ್ಟುದ್ದ. ಹರಾಜಿನವನು ಮುಚ್ಚಳ ಎತ್ತಿದ. ಒಳಗಿನಿಂದ ಬಿಳೀ ತಂಪು ಹೊಗೆಯ ಹಾಗೆ ಎದ್ದು ಮುಖಕ್ಕೆ ಬಡಿಯಿತು. "ಇದರೊಳಗೆ ಇಟ್ಟ ಹಣ್ಣು ವರ್ಷವಾದರೂ ಕೆಡುವುದಿಲ್ಲ" ಎಂದ. ಆಗ ನನ್ನ ಕೈ ತಾನಾಗಿ ಮೇಲೆದ್ದಿತು. ಬರೀ ನೂರ ಹತ್ತು ರೂಪಾಯಿಗೆ ಹೊಡೆದುಕೊಂಡು ಬಂದೆ. ಬೇರೆಯವರು ಹೊಟ್ಟೆ ಉರಿದುಕೊಂಡು ಹೋದರು.

ಲಾರಿಯಲ್ಲಿ ತಂದರೆ ನಮ್ಮ ತಲೆಬಾಗಿಲಿನಲ್ಲಿ ಹಿಡಿಸಲಿಲ್ಲ. ಆಚಾರಿಯನ್ನು ಕರೆಸಿ, ಚೌಕಟ್ಟನ್ನು ಹೊಸ್ತಿಲು ಸಮೇತ ಕೀಳಿಸಿ, ಹತ್ತು ಆಳು ಹಿಡಿದು ಪಡಸಾಲೆಗೆ ಇಳಿಸಿದೆವು. ಚೌಕಟ್ಟು ಈಗ ಕೊಟ್ಟಿಗೆಯಲ್ಲಿ ಗೋಡೆಗೆ ಒರಗಿ ನಿಂತಿದೆ. ರಂಗೋಲಿ ಎಲ್ಲಿಗೆ ಹಾಕಲಿ ಎಂದು ನಿನ್ನ ಚಿಕ್ಕಮ್ಮ ಮೂರು ದಿನದಿಂದ ಮುಖ ಊದಿಸಿಕೊಂಡಿದ್ದಾಳೆ.

"ನೆನ್ನೆ ಮಾಡಿದ್ದನ್ನ ಇವತ್ತು ತಿನ್ನದ ಮನೆ ನಮ್ದು. ಐಸು ಅನ್ನೋದೇ ನಮಗೆ ಅಭಕ್ಷ್ಯ. ಅಂಥ ಮನೆಗೆ ವರ್ಷಗಟ್ಟಲೆ ಇಡೋ ಪೆಟ್ಟಿಗೆ ತಂದ ಜೈನರು ಇಡೀ ಜಿಲ್ಲೇಲಿ ನೀವೊಬ್ರೇ ಕಣ್ರೀ" ಎಂದಳು.

"ಅದೇ ಮತ್ತೆ. ನನ್ನಂಥವನು ಇನ್ನೊಬ್ಬ ಇಲ್ಲ" ಎಂದೆ.

ಯಾಕೆ ತಂದೆ ಎಂದು ನಿನಗಾದರೂ ಅರ್ಥವಾಗುತ್ತದೆ. ನಿನ್ನ ತಾಯಿ, ನಮ್ಮ ಅತ್ತಿಗೆ ಮರುದೇವಿಯವರು, ಹಿತ್ತಿಲಿನಲ್ಲಿ ನೆಟ್ಟ ಮಾವಿನ ಮರ ಈ ಸಲ ಕೊಂಬೆ ಬಾಗುವ ಹಾಗೆ ಕಾಯಿ ಹಿಡಿದಿದೆ. ಅದರ ಹಣ್ಣು ನೀನು ತಿನ್ನದೆ ಎರಡು ವರ್ಷವಾಯಿತು. ನಿಮ್ಮ ಮಾವನವರು ಇಂದ್ರಕುಮಾರಯ್ಯನವರು, ನಮ್ಮ ಮನೆಯ ಹೊಸ್ತಿಲನ್ನು ಅವರ ಮನೆಯವರು ಯಾರೂ ತುಳಿಯಬಾರದು ಎಂದು ಮದುವೆಯ ದಿನವೇ ನಿಯಮ ಮಾಡಿ ಹೋದರಲ್ಲ. ಒಂದು ದಿನ ಅವರ ಮನಸ್ಸು ಕರಗುತ್ತದೆ. ಆದರೆ ಅದು ಮಾವಿನ ಕಾಲದಲ್ಲೇ ಕರಗಬೇಕೆಂದು ಏನಿದೆ? ಕಾರ್ತಿಕದಲ್ಲಿ ಕರಗಬಹುದು, ಪುಷ್ಯದಲ್ಲಿ ಕರಗಬಹುದು. ನೀನು ಯಾವಾಗ ಬಂದರೂ ಹಣ್ಣು ಇರುತ್ತದೆ. ಅದಕ್ಕೇ ಪೆಟ್ಟಿಗೆ.

ಮದುವೆಯ ದಿನ ಆದದ್ದು ಆ ಬಾಡಿಗೆ ಕಾರಿನ ತಪ್ಪು. ಅದನ್ನು ನೀನು ನಿಮ್ಮ ಮಾವನವರಿಗೆ ಸಮಯ ನೋಡಿ ಹೇಳಬೇಕು.

ಇಂತು ನಿನ್ನ ಚಿಕ್ಕಪ್ಪ,
ಬ್ರಹ್ಮಪ್ಪ


ಅರಕಲಗೂಡು
3-5-1959

ಪೂಜ್ಯ ಚಿಕ್ಕಪ್ಪನವರಿಗೆ,

ನಿಮ್ಮ ಕಾಗದ ಬಂದ ದಿನ ಅಡಿಗೆಮನೆಯಲ್ಲಿ ಒಬ್ಬಳೇ ನಕ್ಕೆ. ಯಾಕೆ ನಗುತ್ತೀ ಎಂದು ಇವರು ಕೇಳಿದರು. ಹಿಮಾಲಯ ಹಿರೀಸಾವೆಗೆ ಬಂದಿದೆಯಂತೆ ಎಂದೆ. ಇವರೂ ನಕ್ಕರು. ನಿಮ್ಮ ಅಳಿಯಂದಿರ ಮನಸ್ಸಿನಲ್ಲಿ ಏನೂ ಇಲ್ಲ, ಚಿಕ್ಕಪ್ಪ. ಅಪ್ಪನ ಮಾತು ಮೀರಲಾರರು, ಅಷ್ಟೆ.

ಕಾರಿನ ತಪ್ಪು ಎಂದು ನಾನು ಹೇಗೆ ಹೇಳಲಿ? ದಿಬ್ಬಣ ಚನ್ನರಾಯಪಟ್ಟಣದಿಂದ ನೆಟ್ಟಗೆ ಬಂದಿದ್ದರೆ ಮಧ್ಯಾಹ್ನವೇ ಊಟವಾಗುತ್ತಿತ್ತು. ಬಾಡಿಗೆಗೆ ಕಾರು ತಂದಿದ್ದು ಎಲ್ಲರಿಗೂ ಕಾಣಲಿ ಎಂದು ನೀವು ಸುತ್ತಲಿನ ಊರೂರಿಗೂ ತಿರುಗಿಸಿದಿರಿ. ಅದು ಕೆರೆ ಏರಿಯ ಮೇಲೆ ನಿಂತಿತು. ದಿಬ್ಬಣ ಮನೆ ಮುಟ್ಟುವಾಗ ಹೊತ್ತು ಮುಳುಗಿತ್ತು, ಆಮೇಲೆ ನಮ್ಮವರಿಗೆ ಊಟವಿಲ್ಲವಲ್ಲ. ಎಲೆ ಹಾಕಿತ್ತು, ಅನ್ನ ಬೆಂದಿತ್ತು, ಗಂಡಿನ ಕಡೆಯವರು ಒಬ್ಬರೂ ಮುಟ್ಟುವ ಹಾಗಿರಲಿಲ್ಲ. ಮಕ್ಕಳು ಮುದುಕರೆಲ್ಲ ಹಸಿದು ಮಲಗಿದರು. ಮಾವನವರು ಅದನ್ನು ಇವತ್ತಿಗೂ ಬಾಯಿಬಿಟ್ಟು ಆಡುವುದಿಲ್ಲ. ಆಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಇಲ್ಲಿ ಮಾವು ಬಂದಿದೆ. ದಿನಾ ಬುಟ್ಟಿ ತುಂಬ ತರುತ್ತಾರೆ. ನಮ್ಮ ಮರದ ಕಾಯಿ ಬಣ್ಣ ತಿರುಗಿದೆಯೇ? ಬಾವಿಯ ಕಡೆಯ ಕೊಂಬೆಯದು ಮೊದಲು ತಿರುಗುತ್ತದೆ, ನೋಡಿ. ಅಲ್ಲಿ ಅಳಿಲು ಮುಟ್ಟಿದ ಹಣ್ಣನ್ನು ಕೀಳಬೇಡಿ, ಅದು ಅಳಿಲಿನದು ಎಂದು ಅಮ್ಮ ಹೇಳುತ್ತಿದ್ದರು.

ನಿಮ್ಮ ಮಗಳು,
ರಾಜೀಮತಿ


ಹಿರೀಸಾವೆ
21-6-1959

ಮಗಳು ರಾಜೀಮತಿಗೆ,

ಐಸ್ ಪೆಟ್ಟಿಗೆಯ ಶಾಸ್ತ್ರದಲ್ಲಿ ನಿನ್ನ ಚಿಕ್ಕಪ್ಪ ಈಗ ಪಂಡಿತ. ಬರೆದಿಟ್ಟುಕೋ, ಮುಂದೆ ಮೊಮ್ಮಕ್ಕಳಿಗೆ ಹೇಳುವೆಯಂತೆ.

ಹಣ್ಣನ್ನು ಇಡಿಯಾಗಿ ಇಟ್ಟರೆ ಕಲ್ಲಾಗುತ್ತದೆ, ಹೊರಗೆ ತೆಗೆದರೆ ನೆಂದ ಹತ್ತಿಯ ಹಾಗೆ ನೀರು ಕಾರುತ್ತದೆ. ಆದ್ದರಿಂದ ಹಿಂಡಿ ರಸ ತೆಗೆದೆ. ಸೀಸೆಗಳಿಗೆ ಕತ್ತಿನವರೆಗೆ ತುಂಬಿ, ಬಿರಡೆ ಬಿಗಿದು ಇಟ್ಟೆ. ಬೆಳಗ್ಗೆ ಮುಚ್ಚಳ ತೆಗೆದರೆ ಎಲ್ಲ ಸೀಸೆಯೂ ಸೀಳಿ ನಿಂತಿದ್ದವು. ರಸ ಗಟ್ಟಿಯಾಗುವಾಗ ಉಬ್ಬುತ್ತದೆ ಎಂದು ದೊರೆ ಯಾರಿಗೂ ಹೇಳಿ ಹೋಗಿಲ್ಲ. ನಿನ್ನ ಚಿಕ್ಕಮ್ಮ ಗಾಜಿನ ಚೂರನ್ನು ನೋಡಿ, "ಅದಕ್ಕೂ ನಿಮ್ಮ ಬುದ್ಧಿ ಬಂದದೆ, ಕತ್ತಿನ ತನಕ ತುಂಬ್ದೇಟಿಗೆ ಉಬ್ಕೊತದೆ" ಎಂದಳು. ಈಗ ಬಿಸ್ಕತ್ ಡಬ್ಬಿಗಳಲ್ಲಿ ಮೇಲೆ ಎರಡು ಬೆರಳು ಜಾಗ ಬಿಟ್ಟು ತುಂಬಿದ್ದೇನೆ. ಏಳು ಡಬ್ಬಿ ಆಯಿತು. ಅಷ್ಟು ದೊಡ್ಡ ಪೆಟ್ಟಿಗೆಯ ಒಂದು ಮೂಲೆಗೂ ಸಾಲಲಿಲ್ಲ.

ಕರೆಂಟಿನ ಕೆಲಸ ಮಾಡುವ ಷಡಕ್ಷರಿ ಬಂದು ಒಳಗೆ ಬಗ್ಗಿ ನೋಡಿ, "ಬುದ್ಧಿಯೋರೇ, ಈ ಪೆಟ್ಟಿಗೆ ಖಾಲಿ ಇದ್ದಷ್ಟೂ ಕರೆಂಟು ತಿಂತದೆ. ಮುಚ್ಳ ತೆಗೆದಾಗೆಲ್ಲ ಒಳಗಿನ ತಂಪು ಎದ್ದು ಓಯ್ತದೆ. ಏನಾರ ತುಂಬುಸಿ" ಎಂದ.

"ಏನು ತುಂಬಿಸಲಯ್ಯ? ನಮ್ಮನೇಲಿ ಯಾವುದೂ ರಾತ್ರಿ ಉಳಿಯುವ ಹಾಗಿಲ್ಲ."

"ನೀರ್ ತುಂಬುಸಿ ಸಾ. ಗಡ್ಡೆ ಆದ್ರೆ ಅದೇ ತಂಪು ಇಡ್ಕತದೆ. ಕರೆಂಟ್ ಓದ್ರೂ ಎಲ್ಡು ದಿನ ಅಲ್ಲಾಡಕಿಲ್ಲ."

ಅಂದಿನಿಂದ ಮನೆಯ ಕೊಳಗ, ತಪ್ಪಲೆ, ನಿನ್ನ ಚಿಕ್ಕಮ್ಮ ತವರಿನಿಂದ ತಂದ ಹಿತ್ತಾಳೆಯ ಚರಿಗೆಗಳು, ಎಲ್ಲವೂ ನೀರು ತುಂಬಿಕೊಂಡು ಪೆಟ್ಟಿಗೆಯಲ್ಲಿ ಕೂತಿವೆ. ನಡುವೆ ನಿನ್ನ ಡಬ್ಬಿಗಳು. ಬಸ್ಸಿನವರು ಸೋಡಕ್ಕೆ ಐಸು ಕೇಳಿದರೆ ಒಂದು ಚರಿಗೆಯದನ್ನು ಒಡೆದು ಕೊಡುತ್ತೇನೆ, ಮತ್ತೆ ನೀರು ತುಂಬಿ ಇಡುತ್ತೇನೆ. ವ್ಯಾಪಾರ ಎಂಥದ್ದು ಎಂದರೆ, ಕೆಲವು ಬಸ್ಸುಗಳು ನಮ್ಮ ಅಂಗಡಿಗೋಸ್ಕರವೇ ಬೆಂಗಳೂರಿನಿಂದ ಹೊರಡುತ್ತವೆ.

ಬಾವಿಯ ಕಡೆಯ ಕೊಂಬೆಯದೇ ಮೊದಲು ಹಣ್ಣಾಯಿತು. ಅಳಿಲಿನ ಪಾಲು ಅಳಿಲಿಗೇ ಬಿಟ್ಟೆ.

ನಿನ್ನ ಚಿಕ್ಕಪ್ಪ,
ಬ್ರಹ್ಮಪ್ಪ


ಹಿರೀಸಾವೆ
8-10-1959

ಚಿ. ಸೌ. ರಾಜೀಮತಿಗೆ ಚಿಕ್ಕಮ್ಮ ಅನಂತಮ್ಮನ ಆಶೀರ್ವಾದ.

ನಿಮ್ಮ ಚಿಕ್ಕಪ್ಪ ಅಂಗಡಿಯಲ್ಲಿದ್ದಾರೆ. ಅವರು ಬರುವುದರೊಳಗೆ ನಾಲ್ಕು ಮಾತು ಬರೆಯುತ್ತೇನೆ.

ಪೆಟ್ಟಿಗೆಗೆ ನೂರ ಹತ್ತು ಎಂದು ನಿನಗೆ ಬರೆದರಂತೆ. ನನಗೆ ಇನ್ನೂರೈವತ್ತು ಎಂದಿದ್ದಾರೆ. ಅವರ ಕಿವಿಯಲ್ಲಿದ್ದ ಚಿನ್ನದ ಒಂಟಿ ಕಾಣುತ್ತಿಲ್ಲ. ಕೇಳಿದರೆ, ವಯಸ್ಸಾದ ಮೇಲೆ ಕಿವಿ ಹಗುರ ಇರಬೇಕು ಎನ್ನುತ್ತಾರೆ. ಸೋಡ ಮಾರಿ ಬಂದದ್ದು ಕರೆಂಟಿಗೆ ಹೋಗುತ್ತದೆ. ಶ್ರಾವಣದಲ್ಲಿ ಹೂವು ಇಟ್ಟು ಮಾರುತ್ತೇನೆ ಎಂದು ಚಿಕ್ಕಲಕ್ಷ್ಮಮ್ಮನ ಹತ್ತಿರ ಎರಡು ಬುಟ್ಟಿ ಕನಕಾಂಬರ ಕೊಂಡರು. ಮಾರನೆಯ ದಿನ ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಗೆ ಮುದ್ದೆಯಾಗಿತ್ತು. ಆಮೇಲೆ ಅವರೆಬೇಳೆಗೆ ಹುಳ ಬೀಳುತ್ತದೆ, ಪೆಟ್ಟಿಗೆಯಲ್ಲಿಟ್ಟರೆ ಹುಳ ಸಾಯುತ್ತದೆ ಎಂದು ಒಂದು ಮೂಟೆ ಹೊತ್ತು ತಂದರು. ನಾನು ಮುಚ್ಚಳದ ಮೇಲೆ ಕೂತುಬಿಟ್ಟೆ. ಜೀವ ತೆಗೆಯುವ ಪೆಟ್ಟಿಗೆ ನನ್ನ ಮನೆಯಲ್ಲಿ ಬೇಡ, ಇಟ್ಟರೆ ನನ್ನನ್ನೂ ಅದರೊಳಗೆ ಇಡಿ ಎಂದೆ. ಮೂಟೆಯನ್ನು ಬಿಸಿಲಿಗೆ ಹರಡಿ, ಹುಳಗಳನ್ನೆಲ್ಲ ಮೊರದಲ್ಲಿ ಆಯ್ದು ಬೇಲಿಗೆ ಬಿಟ್ಟು ಬಂದರು. ಬೆನ್ನು ನೋವು ಎಂದು ಎರಡು ದಿನ ಮಲಗಿದರು.

ಹೊಸ್ತಿಲು ಇನ್ನೂ ಕೊಟ್ಟಿಗೆಯಲ್ಲೇ ಇದೆ. ಪೆಟ್ಟಿಗೆಯನ್ನು ಯಾವತ್ತಾದರೂ ಹೊರಗೆ ಸಾಗಿಸಬೇಕಾದರೆ ಮತ್ತೆ ಕೀಳಬೇಕಲ್ಲ ಎಂದು ಆಚಾರಿಯನ್ನು ಕರೆಯುತ್ತಿಲ್ಲ. ಬಾಗಿಲೇ ಇಲ್ಲದ ಮನೆಯಲ್ಲಿ ಚಾಪೆ ಕಟ್ಟಿಕೊಂಡು ಮಲಗುತ್ತಿದ್ದೇವೆ.

ನಾನು ಬರೆಯಬೇಕೆಂದದ್ದು ಇದಲ್ಲ. ದಿನಾ ಸಾಯಂಕಾಲ ಅಂಗಡಿಯಿಂದ ಬಂದವರೇ ಮುಚ್ಚಳ ಎತ್ತಿ ನಿನ್ನ ಡಬ್ಬಿಗಳನ್ನು ನೋಡುತ್ತಾರೆ. ತಂಪು ಹೋಗುತ್ತದೆ ಎಂದು ಅಂಗಡಿಯಲ್ಲಿ ಎಲ್ಲರಿಗೂ ಬುದ್ಧಿ ಹೇಳುವವರು, ಇಲ್ಲಿ ಮುಚ್ಚಳ ಹಿಡಿದುಕೊಂಡು ನಿಂತೇ ಇರುತ್ತಾರೆ. ಅಷ್ಟು ದಿನ ಇಟ್ಟದ್ದನ್ನು ನೀನು ಬಾಯಿಗಿಡುವುದಿಲ್ಲ ಎಂದು ನನಗೆ ಗೊತ್ತು, ನಿನಗೆ ಗೊತ್ತು. ಅವರಿಗೂ ಗೊತ್ತಿರಬೇಕು. ಹೇಳಲು ನನಗೆ ಬಾಯಿ ಬರುತ್ತಿಲ್ಲ.

ಬಸದಿಯಲ್ಲಿ ಸಿಕ್ಕಿದ ನಿಮ್ಮೂರಿನ ಪ್ರೇಮಕುಮಾರಿ ಒಂದು ಮಾತು ಹೇಳಿದಳು. ನೀನು ಮದುವೆಯಾದಂದಿನಿಂದ ಮಾವು ತಿನ್ನುವುದನ್ನೇ ಬಿಟ್ಟಿದ್ದೀಯಂತೆ. ನಿಜವೇ?

ಅನಂತಮ್ಮ


ಅರಕಲಗೂಡು
2-11-1959

ಪೂಜ್ಯ ಚಿಕ್ಕಮ್ಮನವರಿಗೆ,

ನಿಜ. ಮದುವೆಯಾಗಿ ಇಲ್ಲಿಗೆ ಬಂದ ವಾರವೇ ಬಸದಿಯಲ್ಲಿ ನಿಯಮ ಮಾಡಿಕೊಂಡೆ. ಹಿರೀಸಾವೆಯಲ್ಲಿ, ನಮ್ಮ ಮರದ ಕೆಳಗೆ ಕೂತು ತಿನ್ನುವ ತನಕ ಮಾವಿನ ಹಣ್ಣು ಬಿಟ್ಟೆ ಎಂದು. ಯಾರ ಮೇಲೂ ಸಿಟ್ಟಿನಿಂದಲ್ಲ. ಇಲ್ಲಿನ ಹಣ್ಣು ಚೆನ್ನಾಗಿಯೇ ಇರುತ್ತದೆ. ಎರಡು ಸಲ ತಿಂದರೆ ನಾಲಿಗೆ ಇದೇ ಮಾವು ಎಂದು ಒಪ್ಪಿಕೊಂಡುಬಿಡುತ್ತದೆ. ನನಗೆ ಅದು ಬೇಡವಾಗಿತ್ತು.

ಮಾವನವರು ಒಂದೇ ಸಲ ಕೇಳಿದರು, ಯಾಕೆ ಎಲೆಯಲ್ಲಿ ಬಿಟ್ಟೆ ಎಂದು. ನಿಯಮವಿದೆ ಎಂದೆ. ಅವರು ಮತ್ತೆ ಕೇಳಲಿಲ್ಲ. ನಿಯಮ ಎಂದರೆ ಅವರಿಗೆ ಅಷ್ಟು. ಆವತ್ತಿನಿಂದ ಹಣ್ಣಿನ ಕಾಲದಲ್ಲಿ ನನಗೆ ಬೇರೆಯಾಗಿ ಬಾಳೆಹಣ್ಣು ತಂದಿಡುತ್ತಾರೆ. ಕೆಟ್ಟವರಲ್ಲ, ಚಿಕ್ಕಮ್ಮ. ಅದೇ ಕಷ್ಟ.

ಚಿಕ್ಕಪ್ಪನಿಗೆ ಹೇಳಬೇಡಿ. ಇಡಲಿ. ನನ್ನದು ಅಂತ ಆ ಮನೆಯಲ್ಲಿ ಏನೋ ಒಂದು ಇದೆ ಎಂದು ಇಲ್ಲಿ ಕೂತು ನೆನೆಯುತ್ತೇನೆ. ಎಷ್ಟು ತಂಪಿರಬಹುದು ಅದು, ಮುಟ್ಟಿದರೆ?

ಒಂಟಿ ಇಲ್ಲದ ಅವರ ಕಿವಿಯನ್ನು ಎಷ್ಟು ನೆನೆದರೂ ಕಣ್ಣಿಗೆ ಕಟ್ಟುತ್ತಿಲ್ಲ. ಚಿಕ್ಕವಳಿದ್ದಾಗ ಅದನ್ನು ಹಿಡಿದುಕೊಂಡೇ ಅವರ ಹೆಗಲ ಮೇಲೆ ಕೂರುತ್ತಿದ್ದೆ.

ರಾಜೀಮತಿ


ಹಿರೀಸಾವೆ
14-2-1960

ಮಗಳು ರಾಜೀಮತಿಗೆ,

ಬೆಣ್ಣೆ ವ್ಯಾಪಾರ ಶುರು ಮಾಡಿದ್ದೇನೆ. ಬೆಣ್ಣೆ ಮಾತ್ರ ಈ ಪೆಟ್ಟಿಗೆಯ ಗುಣ ಬಲ್ಲದು. ಊರಿನವರ ಬೆಣ್ಣೆಯನ್ನೆಲ್ಲ ಕೊಂಡು, ಬಾಳೆ ಎಲೆಯಲ್ಲಿ ಸುತ್ತಿ, ಹಳೆಯದು ಮೇಲೆ ಹೊಸದು ಕೆಳಗೆ ಎಂದು ಜೋಡಿಸಿ, ಬೆಲೆ ಏರಿದಾಗ ಸಾಗಿಸುತ್ತೇನೆ. ಹಾಸನದ ಹೋಟೆಲಿನವರು ನನ್ನ ಬೆಣ್ಣೆ ಬಂದ ಮೇಲೆಯೇ ಒಲೆ ಹಚ್ಚುವುದು.

ಅದೇ ಕೆಲಸದ ಮೇಲೆ ಮೊನ್ನೆ ಹೊಳೆನರಸೀಪುರಕ್ಕೆ ಹೋಗಿದ್ದೆ. ಅಲ್ಲಿಂದ ಅರಕಲಗೂಡಿಗೆ ಬಸ್ಸು ನಿಂತಿತ್ತು. ಬೆಣ್ಣೆಗೆ ಅಲ್ಲಿ ಬೆಲೆ ಹೇಗಿದೆ ನೋಡೋಣ ಎಂದು ಹತ್ತಿದೆ. ನಿಮ್ಮ ಬೀದಿಯಲ್ಲಿ ಯಾರೂ ಬೆಣ್ಣೆ ಕೊಳ್ಳುವುದಿಲ್ಲ ಎಂದು ಕಾಣುತ್ತದೆ. ಎರಡು ಸಲ ಹೋಗಿ ಬಂದೆ, ಯಾರೂ ಕರೆಯಲಿಲ್ಲ. ನಿಮ್ಮ ಮನೆಯ ಜಗಲಿಯ ಮೇಲೆ ಹಸಿರು ಸೀರೆ ಒಣಗುತ್ತಿತ್ತು. ನಾನು ಮದುವೆಯಲ್ಲಿ ಕೊಟ್ಟದ್ದು. ಇಷ್ಟು ಬೇಗ ಬಣ್ಣ ಹೋಗಬಾರದಿತ್ತು, ಅಂಗಡಿಯವನನ್ನು ಕೇಳುತ್ತೇನೆ.

ನಾನು ಬಂದಿದ್ದೆ ಎಂದು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಬೆಣ್ಣೆಯ ಕೆಲಸ ಅದು.

ಮರ ಹೂ ಬಿಟ್ಟಿದೆ.

ಬ್ರಹ್ಮಪ್ಪ


ಅರಕಲಗೂಡು
30-3-1960
(ಬಸ್ಸಿನ ಕಂಡಕ್ಟರ್ ಗಂಗಯ್ಯನ ಕೈಯಲ್ಲಿ)

ಚಿಕ್ಕಪ್ಪ,

ಮಾವನವರಿಗೆ ವಿಷಮಶೀತ ಜ್ವರ. ಕಾವು ಇಳಿಯುತ್ತಿಲ್ಲ. ನೆನ್ನೆಯಿಂದ ಮಾತು ಅಸ್ತವ್ಯಸ್ತವಾಗಿದೆ. ತಲೆಯ ಮೇಲೆ ಐಸು ಇಡುತ್ತಲೇ ಇರಬೇಕು, ಇಲ್ಲದಿದ್ದರೆ ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ. ಹಾಸನದಿಂದ ತರಿಸಿದ್ದು ಬರುವಷ್ಟರಲ್ಲಿ ಕರಗಿ ಹಿಡಿಯಷ್ಟಾಗಿತ್ತು. ಇವತ್ತು ಅಲ್ಲೂ ಇಲ್ಲವಂತೆ.

ತಿನ್ನಲು ಕುಡಿಯಲು ಅಲ್ಲ, ಹಣೆಯ ಮೇಲೆ ಇಡಲು ಮಾತ್ರ. ಅದಕ್ಕೆ ನಿಯಮದ ಅಡ್ಡಿಯಿಲ್ಲ ಎಂದು ಇವರೇ ಹೇಳಿ ಬರೆಸುತ್ತಿದ್ದಾರೆ.

ರಾಜೀಮತಿ


ಅರಕಲಗೂಡು ಬಸ್ ಸ್ಟ್ಯಾಂಡು
31-3-1960

ಮಗಳೇ,

ಗಂಗಯ್ಯನ ಕೈಯಲ್ಲಿ ಎರಡು ಚರಿಗೆ ಕಳಿಸಿದ್ದೇನೆ. ಪೆಟ್ಟಿಗೆ ತುಂಬಿಸಲು ಇಟ್ಟ ನೀರು ಗಡ್ಡೆಯಾಗಿ ಸಿದ್ಧವೇ ಇತ್ತು. ಮೊದಲು ಭತ್ತದ ಹೊಟ್ಟು, ಮೇಲೆ ಗೋಣಿ, ಅದರ ಮೇಲೆ ನನ್ನ ಕಂಬಳಿ. ಕಂಬಳಿ ಪೂರ್ತಿ ಬಿಚ್ಚಬೇಡಿ, ಬೇಕಾದಷ್ಟೇ ಒಡೆದುಕೊಂಡು ಮತ್ತೆ ಮುಚ್ಚಿ. ನೆಲದ ಮೇಲೆ ಇಡಬೇಡಿ, ಹಲಗೆಯ ಮೇಲಿಡಿ. ಕರಗಿದ ನೀರು ಬಸಿದುಹೋಗುವ ಹಾಗಿರಲಿ, ನೀರಿನಲ್ಲಿ ನಿಂತ ಐಸು ಬೇಗ ಸಾಯುತ್ತದೆ.

"ಐಸ್‌ಗೇ ಕಂಬ್ಳಿ ಒದ್ಸೀರಲ್ಲ ಸಾ, ಅದ್ಕೂ ಚಳಿ ಜ್ವರವಾ?" ಎಂದು ಗಂಗಯ್ಯ ದಾರಿಯುದ್ದಕ್ಕೂ ಬಸ್ಸಿನವರನ್ನೆಲ್ಲ ನಗಿಸಿದ.

ನಾಳೆ ಇದೇ ಬಸ್ಸಿಗೆ ಮತ್ತೆ ಬರುತ್ತದೆ. ನಾಳಿದ್ದೂ ಬರುತ್ತದೆ. ಯಾರ ಮನೆಯದು ಎಂದು ನಿಮ್ಮ ಮಾವನವರಿಗೆ ಹೇಳಬೇಡಿ. ನಾನು ಬಸ್ ಸ್ಟ್ಯಾಂಡಿನ ಹುಣಸೆ ಮರದ ಕೆಳಗಿದ್ದೇನೆ, ಇದೇ ಬಸ್ಸಿಗೆ ವಾಪಸು. ಬೀದಿಗೆ ಬರುವುದಿಲ್ಲ. ಬೆಣ್ಣೆ ತಂದಿಲ್ಲ.

ಬ್ರಹ್ಮಪ್ಪ


ಹಿರೀಸಾವೆ
12-4-1960

ಚಿ. ಸೌ. ರಾಜೀಮತಿಗೆ,

ನಿಮ್ಮ ಮಾವನವರ ಜ್ವರ ಬಿಟ್ಟಿತೆಂದು ಗಂಗಯ್ಯ ಹೇಳಿದ. ದೇವರು ದೊಡ್ಡವನು.

ಇಲ್ಲಿ ಆದದ್ದನ್ನು ನಿನಗೆ ಹೇಳುವವರು ಯಾರೂ ಇಲ್ಲ, ನಾನೇ ಹೇಳುತ್ತೇನೆ. ಮೊದಲ ದಿನ ಇದ್ದ ಗಡ್ಡೆ ಸಾಕಾಯಿತು. ಎರಡನೆಯ ದಿನಕ್ಕೆ ಇನ್ನಷ್ಟು ನೀರು ಇಡಲು ಜಾಗ ಬೇಕಾಯಿತು. ಬೆಣ್ಣೆಯನ್ನೆಲ್ಲ ತೆಗೆದು ಹೊರಗಿಟ್ಟರು. ಆಮೇಲೆ ನಿನ್ನ ಏಳು ಡಬ್ಬಿಗಳ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತರು. ಅವನ್ನೂ ತೆಗೆದರು. ಅಂಗಡಿಗೆ ಒಯ್ದು, ಬಸ್ಸು ಇಳಿದವರಿಗೆಲ್ಲ ಲೋಟ ಲೋಟ ಹಂಚಿದರು. ದುಡ್ಡು ತೆಗೆದುಕೊಳ್ಳಲಿಲ್ಲ. ಇದು ಹಿಮಾಲಯದ ಅಮೃತ, ಮೈಸೂರು ಅರಮನೆಗೆ ಹೋಗಬೇಕಾದದ್ದು, ಇವತ್ತು ನಿಮ್ಮ ಪುಣ್ಯ ಎಂದು ಒಬ್ಬೊಬ್ಬರಿಗೂ ಹೇಳಿದರು. ತಾವು ಮಾತ್ರ ರುಚಿ ನೋಡಲಿಲ್ಲ.

ಪೆಟ್ಟಿಗೆ ಅಂಚಿನವರೆಗೆ ತುಂಬಿದ್ದು ಆ ಒಂದು ವಾರವೇ. ರಾತ್ರಿ ಹಗಲು ಮೋಟಾರು ಓಡಿಸಿದರು. ದಿನಾ ನೀನು ಚರಿಗೆ ವಾಪಸು ಕಳಿಸುವಾಗ ಬರಿದಾಗಿ ಕೊಡಬಾರದೆಂದು ಒಂದು ಚೂರು ಬೆಲ್ಲ ಹಾಕುತ್ತಿದ್ದೆಯಲ್ಲ, ಅದನ್ನು ಮನೆಗೆ ತರುತ್ತಿರಲಿಲ್ಲ. ಬಸ್ಸಿನಲ್ಲೇ ತಿಂದು, ಬರೀ ಚರಿಗೆಯನ್ನು ನನ್ನ ಕೈಗೆ ಕೊಟ್ಟು, "ಈ ಸಲ ಏನೂ ಆಕಿರ್ಲಿಲ್ಲ" ಎನ್ನುತ್ತಿದ್ದರು. ಮೀಸೆಗೆ ಬೆಲ್ಲ ಅಂಟಿರುತ್ತಿತ್ತು.

ಅನಂತಮ್ಮ


ಅರಕಲಗೂಡು
29-4-1960

ಚಿಕ್ಕಪ್ಪ, ಚಿಕ್ಕಮ್ಮ ಇಬ್ಬರಿಗೂ,

ನೆನ್ನೆ ಮಾವನವರು ಗೋಡೆಗೆ ಒರಗಿ ಕೂತಿದ್ದರು. ಮೂಲೆಯಲ್ಲಿ ಒಂದು ಚರಿಗೆ ಉಳಿದುಬಿಟ್ಟಿತ್ತು, ಕೊನೆಯ ದಿನದ್ದು. ಅದನ್ನು ಇತ್ತ ತಾ ಎಂದರು. ಕೈಯಲ್ಲಿ ತಿರುಗಿಸಿ, ಕತ್ತಿನ ಮೇಲೆ ಕೊರೆಸಿದ ಹೆಸರನ್ನು ಬೆರಳಿನಿಂದ ಓದಿದರು. ಅನಂತಮ್ಮ, ಹಿರೀಸಾವೆ. ನಾವು ಯಾರೂ ಅದನ್ನು ನೆನೆಸಿಕೊಂಡಿರಲೇ ಇಲ್ಲ.

"ಐಸು ಇವ್ರ ಮನೇದಾ?" ಎಂದರು.

"ಹೌದು" ಎಂದೆ.

"ಯಾರು ತರ್ತಿದ್ರು?"

"ಚಿಕ್ಕಪ್ಪ. ಬಸ್ ಸ್ಟ್ಯಾಂಡಿನ ತನಕ."

ಚರಿಗೆಯ ಒಳಗೆ ಇಣುಕಿ ನೋಡಿದರು. ಆಮೇಲೆ, "ಹೊತ್ತು ಮುಳುಗೋ ಮುಂಚೆ ಬರ್ತಿತ್ತೋ, ಆಮೇಲೋ?" ಎಂದರು.

"ದಿನಾ ಮೂರು ಗಂಟೆ ಬಸ್ಸಿಗೇ ಬರ್ತಿತ್ತು. ಒಂದು ದಿನಾನೂ ತಪ್ಪಲಿಲ್ಲ."

"ಹಂಗಾದ್ರೆ ಕಲ್ತಿದಾನೆ" ಎಂದರು.

ಇವರು ನಗು ತಡೆಯಲಾರದೆ ಎದ್ದು ಹೊರಗೆ ಹೋದರು. ಮಾವನವರು ನಗಲಿಲ್ಲ. ಚರಿಗೆಯನ್ನು ಮಡಿಲಲ್ಲಿಟ್ಟುಕೊಂಡು, "ನಿನ್ನ ಮಾವಿನ ನಿಯಮ ಎಲ್ಲಿಗೆ ಮುಗಿಯುತ್ತಮ್ಮ?" ಎಂದರು. ಎಲ್ಲಿಗೆ ಮುಗಿಯುತ್ತದೆ ಎಂದು ಮೂರು ವರ್ಷಕ್ಕೆ ಮೊದಲ ಸಲ ಕೇಳಿದರು. ಹಿರೀಸಾವೆಯಲ್ಲಿ, ಅಮ್ಮ ನೆಟ್ಟ ಮರದ ಕೆಳಗೆ ಎಂದೆ. ಅವರ ಮುಖ ನೋಡಲು ನನಗೆ ಆಗಲಿಲ್ಲ.

"ನನ್ನದು ಹೊಸ್ತಿಲಿನ ನಿಯಮ. ಅದನ್ನ ನಾನು ಮುರಿಯೋಕಾಗಲ್ಲ, ಗೊತ್ತಲ್ಲ" ಎಂದರು. "ಮರ ಎಲ್ಲಿದೆ?"

"ಹಿತ್ತಿಲಲ್ಲಿ."

"ಹಿತ್ತಿಲಿಗೆ ಹೊಸ್ತಿಲು ಇದೆಯಾ?"

"ಇಲ್ಲ, ಬೇಲಿ ಇದೆ. ಒಂದು ತಡಿಕೆ ಇದೆ."

"ಸರಿ. ತಡಿಕೆ ತೆಗೆದು ಹೋಗಿ, ಮರದ ಕೆಳಗೆ ಕೂತು, ನಿಯಮ ಮುಗಿಸಿಕೊಂಡು ಬಾ. ಹೊತ್ತು ಮುಳುಗೋ ಮುಂಚೆ ಇಬ್ಬರೂ ಇಲ್ಲಿ ಊಟಕ್ಕಿರಬೇಕು."

ಹಾಗಾಗಿ ಬರುವ ಮೇ ತಿಂಗಳು ಇಪ್ಪತ್ತೆರಡನೇ ತಾರೀಕು ಮೊದಲ ಬಸ್ಸಿಗೆ ಇವರ ಜೊತೆ ಬರುತ್ತೇನೆ. ಹತ್ತು ಗಂಟೆಗೆ ಅಲ್ಲಿರುತ್ತೇವೆ. ಒಂದು ಗಂಟೆಯ ಬಸ್ಸಿಗೆ ಹೊರಡಬೇಕು. ಮನೆಯೊಳಗೆ ಬರುವ ಹಾಗಿಲ್ಲ. ನಾನು ಮಲಗುತ್ತಿದ್ದ ಕೋಣೆಯ ಕಿಟಕಿ ಹಿತ್ತಿಲಿಗೇ ತೆರೆಯುತ್ತದಲ್ಲ, ಅದನ್ನು ತೆಗೆದಿಟ್ಟಿರಿ, ಚಿಕ್ಕಮ್ಮ. ಹೊರಗಿನಿಂದ ನೋಡುತ್ತೇನೆ.

ರಾಜೀಮತಿ


ಹಿರೀಸಾವೆ
9-5-1960

ಮಗಳು ರಾಜೀಮತಿಗೆ,

ನಿನ್ನ ಕಾಗದವನ್ನು ನಿನ್ನ ಚಿಕ್ಕಮ್ಮ ಎರಡು ಸಲ ಓದಿ ಹೇಳಿದಳು. ನನಗೆ ಕನ್ನಡಕ ಸಿಕ್ಕಲಿಲ್ಲ. ನಿಯಮದ ವಿಷಯವನ್ನೂ ಆವತ್ತೇ ಪೂರ್ತಿ ಹೇಳಿದಳು. ಡಬ್ಬಿಯ ರಸವನ್ನು ನೀನು ಎಂದೂ ಮುಟ್ಟುತ್ತಿರಲಿಲ್ಲ ಎಂದು ನನಗೆ ಮೊದಲೇ ಗೊತ್ತಿತ್ತು. ನನಗೆ ಗೊತ್ತಿಲ್ಲದ್ದು ಯಾವುದಿದೆ? ಆದರೂ ದಿನಾ ನೋಡಲು ಏನಾದರೂ ಬೇಕಲ್ಲ.

ಪೆಟ್ಟಿಗೆ ಈಗ ಇಲ್ಲ. ಆ ವಾರದ ಓಟಕ್ಕೆ ಮೋಟಾರು ಸುಟ್ಟುಹೋಯಿತು. ಷಡಕ್ಷರಿ ಬಿಚ್ಚಿ ನೋಡಿ, "ಇದ್ರ ಆಯಸ್ಸು ಮುಗೀತು ಸಾ, ಆದ್ರೆ ಬೋ ಗೇದದೆ" ಎಂದ. ಹಳೇ ಕಬ್ಬಿಣದವನಿಗೆ ಕೊಟ್ಟೆ. ಪಡಸಾಲೆ ಎಷ್ಟು ದೊಡ್ಡದಿತ್ತು ಎಂದು ಈಗ ಕಾಣುತ್ತಿದೆ. ನಿನ್ನ ಚಿಕ್ಕಮ್ಮನಿಗೆ ಸಂತೋಷವಾಗಬೇಕಿತ್ತು. ಅದು ನಿಂತಿದ್ದ ಜಾಗವನ್ನು ಗುಡಿಸುವಾಗ ಮಾತ್ರ ಸುತ್ತು ಬಳಸಿಕೊಂಡು ಗುಡಿಸುತ್ತಾಳೆ.

ಈಗ ಮುಖ್ಯ ವಿಷಯ. ಇದನ್ನು ನಿಮ್ಮ ಮಾವನವರಿಗೆ ಅಕ್ಷರ ಬಿಡದೆ ಓದಿ ಹೇಳು.

ಇಂದ್ರಕುಮಾರಯ್ಯನವರೇ, ತಮ್ಮ ನಿಯಮ ನಮ್ಮ ಮನೆಯ ಹೊಸ್ತಿಲಿನದು. ತಮ್ಮ ನಿಯಮವನ್ನು ಮುರಿಯಲು ನಾನು ಯಾರು? ಆದರೆ ನಮ್ಮ ಮನೆಗೆ ಒಂದು ವರ್ಷದಿಂದ ಹೊಸ್ತಿಲೇ ಇಲ್ಲ. ಪೆಟ್ಟಿಗೆ ಒಳಗೆ ತರುವಾಗ ಕೀಳಿಸಿದ್ದು ಕೊಟ್ಟಿಗೆಯಲ್ಲಿ ಗೋಡೆಗೆ ಒರಗಿ ನಿಂತಿದೆ. ಅದರ ಮೇಲೆ ಕೋಳಿ ಕೂರುತ್ತದೆ, ಪಕ್ಕದ ಮನೆಯದು. ಪೆಟ್ಟಿಗೆ ಹೋದ ಮೇಲೆ ಆಚಾರಿ ತಾನಾಗಿ ಬಂದು ಕೂರಿಸಿಕೊಡುತ್ತೇನೆ ಎಂದ. ಇಪ್ಪತ್ತೆರಡನೇ ತಾರೀಕು ದಾಟುವ ತನಕ ಈ ಬೀದಿಗೆ ಕಾಲಿಡಬೇಡ ಎಂದು ಹೇಳಿ ಕಳಿಸಿದ್ದೇನೆ. ತಾವೇ ಬಂದು ಕಣ್ಣಾರೆ ನೋಡಬಹುದು. ತುಳಿಯಲು ಅಲ್ಲಿ ಏನೂ ಇಲ್ಲ, ಬರೀ ಮಣ್ಣಿನ ನೆಲ. ತಮಗೆ ಎಲೆ ಹತ್ತೂವರೆಗೆ ಹಾಕುತ್ತೇವೆ. ನಾನು ಬಾಯಿ ತೆರೆಯುವುದಿಲ್ಲ. ಯಾವ ಕಾರನ್ನೂ ಗೊತ್ತು ಮಾಡಿಲ್ಲ.

ಮಗಳೇ, ಇನ್ನು ನಿನಗೆ. ಬಾವಿಯ ಕಡೆಯ ಕೊಂಬೆ ಈ ವರ್ಷವೂ ಮೊದಲು ಬಣ್ಣ ತಿರುಗಿದೆ. ಇಪ್ಪತ್ತೆರಡಕ್ಕೆ ಸರಿಯಾಗಿ ಹಣ್ಣಾಗಲು ಒಂದನ್ನೂ ಕೀಳದೆ ಬಿಟ್ಟಿದ್ದೇನೆ. ಕೋಣೆಯ ಕಿಟಕಿಯನ್ನು ನಿನ್ನ ಚಿಕ್ಕಮ್ಮ ಇವತ್ತೇ ತೆಗೆದಿಟ್ಟಳು. ನಿಮ್ಮ ಮಾವನವರು ಒಪ್ಪಿದರೆ ಕೋಣೆಯನ್ನು ಒಳಗಿನಿಂದಲೇ ನೋಡುವೆಯಂತೆ. ಒಪ್ಪದಿದ್ದರೆ ನಾವಿಬ್ಬರೂ ಹಿತ್ತಿಲಿಗೆ ಚಾಪೆ ತಂದು ಕೂರುತ್ತೇವೆ. ಹತ್ತರಿಂದ ಒಂದು ಗಂಟೆ. ಹೊತ್ತನ್ನು ಕೆಡದ ಹಾಗೆ ಇಡುವ ಪೆಟ್ಟಿಗೆ ಎಲ್ಲಾದರೂ ಹರಾಜಿಗೆ ಬರುತ್ತದೇನೋ ಎಂದು ಕೇಳಿಕೊಂಡಿದ್ದೇನೆ, ಇನ್ನೂ ಬಂದಿಲ್ಲ.

ಬಂದಾಗ ನನ್ನ ಕಿವಿ ನೋಡಿ ಅಳಬೇಡ. ನಿನ್ನದು ಹೆಗಲ ಮೇಲೆ ಕೂರುವ ವಯಸ್ಸಲ್ಲ, ಹಿಡಿದುಕೊಳ್ಳಲು ಈಗ ಅದು ಬೇಕಿಲ್ಲ.

ಪೆಟ್ಟಿಗೆಗೆ ಕೊಟ್ಟದ್ದು ನೂರ ಹತ್ತು ಎಂದು ನಿನಗೆ ಬರೆದೆ, ಇನ್ನೂರೈವತ್ತು ಎಂದು ನಿನ್ನ ಚಿಕ್ಕಮ್ಮನಿಗೆ ಹೇಳಿದೆ. ಹರಾಜು, ಲಾರಿ, ಆಚಾರಿ, ತಂತಿ, ವರ್ಷದ ಕರೆಂಟು, ಒಡೆದ ಸೀಸೆ, ಕಪ್ಪಾದ ಹೂವು, ಕರಗಿದ ಬೆಣ್ಣೆ ಎಲ್ಲ ಸೇರಿಸಿ, ಹಳೇ ಕಬ್ಬಿಣದವನು ಕೊಟ್ಟದ್ದನ್ನು ಕಳೆದು, ನಿನಗೊಬ್ಬಳಿಗೇ ನಿಜ ಹೇಳುತ್ತೇನೆ. ಅವಳು ಕೇಳಿದರೆ ಮುನ್ನೂರು ಅನ್ನು.

ಒಂದು ಸಾವಿರದ ನೂರ ಎಪ್ಪತ್ತೆರಡು ರೂಪಾಯಿ.

ನಿನ್ನ ಚಿಕ್ಕಪ್ಪ,
ಬ್ರಹ್ಮಪ್ಪ